ತಗಿ

ತಿಕೋಟಾ ದಾರಿಯ ಕೋಲ್ಡ್ ಸ್ಟೋರೇಜಿನಲ್ಲಿ
ಹದಿನೇಳು ವರ್ಷ ಒಣದ್ರಾಕ್ಷಿಯ ಲೆಕ್ಕ ಬರೆದವಳು ನಾನು.
ಮಾರ್ಚಿನಲ್ಲಿ ಮಾಲಕರು ಕರೆದು ಹೇಳಿದರು:
ಇನ್ನ ಮ್ಯಾಲ ರಾತ್ರಿ ಪಾಳಿಗೆ ಏಜೆಂಟ್ ಬರತೈತಿ.
ಯಾವ ಊರಿನ ದಲಾಲ ಎಂದು ಕೇಳಿದೆ.
ಬರತಾನ ಅನ್ನದೆ ಬರತೈತಿ ಅಂದದ್ದು
ಆಗ ಕಿವಿಗೆ ಬೀಳಲಿಲ್ಲ.

ಅದಕ್ಕೆ ಊರಿಲ್ಲ. ಕೈಯೂ ಇಲ್ಲ.
ಕೈ ನಾವು ಕೊಡಬೇಕು, ಒಟ್ಟು ಹನ್ನೊಂದು;
ತಂಪು ಅಳೆಯಲು ಒಂದು, ಬಾಡಿಗೆ ಬಾಕಿ ನೋಡಲು ಒಂದು, ಹೀಗೆ.
ಯಾವ ಕೈ ಯಾತಕ್ಕೆ ಅಂತ ಎರಡೆರಡು ಸಾಲು ಬರೀರಿ ಅಕ್ಕಾ,
ಓದಿಕೊಂಡು ಅದೇ ಮಾಡುತ್ತದೆ,
ಅಂದ ಅಭಿನಂದನ, ಯಂತ್ರ ಕೂಡಿಸಲು ಬಂದ ಹುಡುಗ.

ನಾಲ್ಕನೆಯ ಕೈಗೆ ಬರೆದೆ: ಮಾಲು ತೆಗೆಯಲು.
ಒಂಬತ್ತನೆಯದಕ್ಕೆ: ಮಾಲು ತೆಗೆದುಹಾಕಲು.
ನನಗೇನೋ ಫರಕು ಢಾಳಾಗಿತ್ತು.

ಬುಧವಾರ ರಾತ್ರಿ ಚಡಚಣದ ವ್ಯಾಪಾರಿಯ ಸಂದೇಶ:
ನನ್ನ ನಲವತ್ತು ಬಾಕ್ಸ್ ತಗದ್ ಇಡ್ರಿ, ಮುಂಜಾನೆ ಗಾಡಿ ಬರತೈತಿ.
ಮುಂಜಾನೆ ಗಾಡಿ ಬಂತು.
ಮಾಲು ರ್‍ಯಾಕಿನಲ್ಲಿ ನಾಲ್ಕು ಡಿಗ್ರಿಯಲ್ಲಿ ಸುಖವಾಗಿತ್ತು.
ಪುಸ್ತಕದಲ್ಲಿ ಇರಲಿಲ್ಲ.
ಹೆಸರು, ಲಾಟ್ ನಂಬರು, ತೂಕ,
ಒಂದು ಕಲೆಯೂ ಉಳಿಯದಂತೆ ತೆಗೆದಿತ್ತು.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳು.
ಚಹಾ ಆರಿದ ಮೇಲೆ ನನ್ನ ಸಾಲನ್ನೇ ಮತ್ತೆ ಓದಿದೆ,
ನನ್ನ ಪರಿಚಯವಿಲ್ಲದವಳ ಹಾಗೆ.

ಬಾಗಿಲು ತಗಿ ಅಂದರೆ ತೆರೆಯುವುದು.
ಹೆಸರು ತಗಿ ಅಂದರೆ ಅಳಿಸುವುದು.
ಸಾಲ ತಗಿ ಅಂದರೆ ಇಲ್ಲದ್ದು ತಲೆಗೆ ಬರುವುದು,
ದೃಷ್ಟಿ ತಗಿ ಅಂದರೆ ಇದ್ದದ್ದು ಇಳಿಯುವುದು.
ತಕರಾರು ತಗಿ, ಫೋಟೋ ತಗಿ, ಜೀವಾ ತಗೀಬ್ಯಾಡ.
ಇಂಥ ಒಂದು ಮಾತಿನ ಮೇಲೆ
ಇಷ್ಟು ವರ್ಷ ಇಡೀ ಗೋದಾಮು ನಿಂತಿತ್ತು.

ಹೆಂಗ ನಿಂತಿತು?
ಮೀರಾಸಾಬ ಇದ್ದ.
ನಾನು ತಗಿ ಅಂದರೆ ಅವನು ನನ್ನ ಕಣ್ಣು ನೋಡುತ್ತಿದ್ದ,
ಬಾಗಿಲ ಕಡೆಗಿದೆಯೋ, ತಕ್ಕಡಿಗೋ, ರಿಜಿಸ್ಟರಿಗೋ.
ಗಂಧಕದ ಹೊಗೆ ಕುಡಿದ ಮಾಲನ್ನು
ಬೇರೆ ಮಾಲಿನ ಮಗ್ಗುಲಲ್ಲಿ ಇಡಬಾರದೆಂದು
ಯಾವ ಗೋಡೆಯ ಮೇಲೂ ಬರೆದಿರಲಿಲ್ಲ.
ಅವನ ತಿಳಿವಳಿಕೆಯನ್ನು
ನನ್ನ ಮಾತಿನ ಖಚಿತ ಅಂದುಕೊಂಡಿದ್ದೆ.

ಇದಕ್ಕೆ ನನ್ನ ಕಣ್ಣು ಕಾಣದು.
ನನ್ನ ಸಾಲಿನ ಆಚೆ ಅದಕ್ಕೆ ಗೋದಾಮೇ ಇಲ್ಲ.

ಅಳಿಸಿ ಕೂತೆ. ಮೂರು ದಿನ.

ಹೊರಗೆ ಕಳಿಸು. ರ್‍ಯಾಕಿನ ಮಾಲನ್ನು ಗಾಡಿಯ ಕಟ್ಟೆಗೆ ತರಲು
ಹಮಾಲರಿಗೆ ಚೀಟಿ ಹೊರಡಿಸುತ್ತದೆ.
ಲಾಟ್ ನಂಬರು ಬೇಕೇ ಬೇಕು. ರೈತನ ಹೆಸರು ಸಾಲದು,
ನಮ್ಮಲ್ಲಿ ಮಾಲಿಟ್ಟ ಮಲಕಪ್ಪ ಆರು ಮಂದಿ.
ತೂಕ ಕಿಲೋದಲ್ಲಿ. ಬಾಕ್ಸೆಂದರೆ ಒಬ್ಬೊಬ್ಬರದು ಒಂದೊಂದು.
ಬಾಡಿಗೆ ಬಾಕಿ ಕಂಡರೆ ನಿಲ್ಲು, ನನ್ನನ್ನು ಕೇಳು.
ಪುಸ್ತಕದಿಂದ ಅಳಿಸುವ ಕೈ ಇದಲ್ಲ;
ಅದು ಒಂಬತ್ತನೆಯದು, ರಾತ್ರಿ ಅದನ್ನು ಮುಟ್ಟಬೇಡ.
ಹುಡುಕಿದ್ದು ಸಿಗದಿದ್ದರೆ ಸಿಗಲಿಲ್ಲ ಅನ್ನು.
ಅದರಂಥದ್ದೇ ಇನ್ನೊಂದನ್ನು ತಂದು ನಿಲ್ಲಿಸಬೇಡ.

ಅಭಿನಂದನ ಓದಿದ. ಉದ್ದ ಆತ್ರಿ ಅಕ್ಕಾ,
ಆ ಮಲಕಪ್ಪನ ಸಾಲು ತಗೀರಿ.
ತೆರೀಲ್ಯೋ, ಅಳಿಸಲ್ಯೋ? ಅಂದೆ.
ಸಾಲು ಉಳಿಯಿತು.

ಸಂಜೆ ಮೀರಾಸಾಬನನ್ನು ಕೂರಿಸಿ ಹನ್ನೊಂದನ್ನೂ ಓದಿ ಹೇಳಿದೆ,
ತಪ್ಪಿದ್ದರೆ ಹೇಳಲಿ ಎಂದು.
ಏಳನೆಯದರಲ್ಲಿ ಒಂದು ತಪ್ಪು ಹಿಡಿದ.
ಆಮೇಲೆ ಟವೆಲ್ ಝಾಡಿಸಿ ಹೆಗಲಿಗೆ ಹಾಕುತ್ತ,
ನನಗ ಯಾರೂ ಇಷ್ಟ ಬಿಡಿಸಿ ಹೇಳಿದ್ದಿಲ್ರಿ ಅಕ್ಕಾರ, ಅಂದ.
ದೂರಿನ ದನಿಯಲ್ಲಲ್ಲ.

ಅವನು ಹೋದ ಮೇಲೆ ಹಳೆಯ ಪಗಾರ ಪುಸ್ತಕ ಹುಡುಕಿದೆ.
ಅವನು ಸೇರಿದ ವರ್ಷ ಎರಡು ಕಡೆ ಕಡಿತ.
ಕಾರಣದ ಕಾಲಮಿನಲ್ಲಿ ನನ್ನದೇ ಅಕ್ಷರ:
ಹೇಳಿದಂತೆ ಮಾಡಲಿಲ್ಲ.

ಏನು ಹೇಳಿದ್ದೆ ಎಂದು
ಎಲ್ಲಿಯೂ ಬರೆದಿಲ್ಲ.